ತಾವರೆಯಾ, ನೈದಿಲೆಯಾ, ಬಜೆಯಾ? ಕಾಸರಗೋಡಿನ ಮನೆಗಳಿಗೆ ನೀರಗಿಡ ಆರಿಸುವ ಬಗೆ

ಹೊಸ ಮನೆ ಕಟ್ಟಿದವರು, ಹಳೆ ಮನೆಯ ಸುತ್ತ ಚಂದ ಮಾಡಲು ಹೊರಟವರು, ಈಗ ಎಲ್ಲರದ್ದೂ ಒಂದೇ ಪ್ರಶ್ನೆ. "ಒಂದು ಸಣ್ಣ ಕೊಳ ಮಾಡಿಸಿದ್ದೇವೆ. ತಾವರೆ ಹಾಕುವುದಾ, ನೈದಿಲೆ ಹಾಕುವುದಾ?" ಕೇಳುತ್ತಾ ಕೇಳುತ್ತಾ ಫೋನು ತೆಗೆದು ಸಾವಿರ ಎಸಳಿನ ತಾವರೆಯ ಫೋಟೋ ತೋರಿಸುತ್ತಾರೆ. ಅಲ್ಲಿಗೆ ಅರ್ಧ ತೀರ್ಮಾನ ಆದ ಹಾಗೆಯೇ.

ಫೋಟೋ ನೋಡಿ ಗಿಡ ಆರಿಸಬೇಡಿ ಎಂದರೆ ಯಾರಿಗೂ ಇಷ್ಟವಾಗುವುದಿಲ್ಲ. ಆದರೂ ಹೇಳುತ್ತೇನೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ, ಕೊಳದ ಗಿಡ ಉಳಿಯುತ್ತದೋ ಹೋಗುತ್ತದೋ ಎಂಬುದು ಗೊತ್ತಾಗುವುದು ವರ್ಷದ ಎರಡು ಹೊತ್ತಿನಲ್ಲಿ. ಏಪ್ರಿಲ್-ಮೇಯಲ್ಲಿ ಬಾವಿಯ ತಳ ಕಾಣುವಾಗ ಒಮ್ಮೆ, ಜೂನ್-ಜುಲೈಯಲ್ಲಿ ಮಳೆ ಬಿಡದೆ ಹೊಯ್ಯುವಾಗ ಇನ್ನೊಮ್ಮೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿಗೇ ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಯಲ್ಲಿ ನೀರು ನಿಲ್ಲುವುದಿಲ್ಲ, ಏನು ಮಾಡುವುದು? ಹೂವಿನ ಬಣ್ಣ ಆಮೇಲೆ. ಮೊದಲು ಈ ಎರಡು ಹೊತ್ತನ್ನು ದಾಟುವ ಗಿಡ ಯಾವುದು ನೋಡೋಣ.

ಗಿಡ ತರುವ ಮೊದಲು

ಬಿಸಿಲಿನಿಂದ ಶುರು ಮಾಡಿ. ಅಡಿಕೆ ಇರುವ ಮನೆಗಳಲ್ಲಿ ಒಳ್ಳೆ ಬಿಸಿಲು ಬೀಳುವ ಜಾಗ ಒಂದೇ, ಅಂಗಳ. ಅಡಿಕೆ ಕೊಯ್ಲು ಶುರುವಾದ ಮೇಲೆ ಅಂಗಳ ನಮ್ಮದಲ್ಲ, ಅಡಿಕೆಯದ್ದು. ಕೊಳಕ್ಕೆ ಉಳಿಯುವುದು ಮನೆಯ ಬದಿ, ತೆಂಗಿನ ಬುಡ, ತೋಟದ ಕರೆ, ಅಂದರೆ ಅಂಚು. ಒಂದು ರಜೆಯ ದಿನ ಬೆಳಗ್ಗೆಯಿಂದ ಸಂಜೆವರೆಗೆ ಗಂಟೆಗೊಮ್ಮೆ ಆ ಜಾಗಕ್ಕೆ ಹೋಗಿ ನೋಡಿ. ನೇರ ಬಿಸಿಲು 6 ಗಂಟೆ ಸಿಕ್ಕಿದರೆ ಬೇಕಾದ್ದನ್ನು ಹಾಕಬಹುದು. 4 ಗಂಟೆಯಾದರೆ ಕೆಲವೇ ನೈದಿಲೆಗಳು. ಎರಡೇ ಗಂಟೆಯಾದರೆ ಹೂವಿನ ಆಸೆ ಬಿಟ್ಟು ಎಲೆಯ ಗಿಡಗಳಿಗೆ ಬನ್ನಿ.

ಆಮೇಲೆ ಬೇಸಿಗೆಯ ನೀರು. ಆ ದಿನಗಳಲ್ಲಿ ತೆರೆದ ನೀರು ದಿನಕ್ಕೆ ಸುಮಾರು ಅರ್ಧ ಸೆಂಟಿಮೀಟರ್ ಆರಿ ಹೋಗುತ್ತದೆ. 2 ಅಡಿ ಅಗಲದ ಟಬ್ಬಿನಲ್ಲಿ ಅದು ಹೆಚ್ಚುಕಡಿಮೆ ಒಂದೂವರೆ ಲೀಟರ್. ಅಕ್ಕಿ ತೊಳೆಯುವಷ್ಟು ನೀರು, ಲೆಕ್ಕಕ್ಕಿಲ್ಲ. ಆದರೆ 10 ಅಡಿ ಉದ್ದ, 10 ಅಡಿ ಅಗಲದ ಕೊಳವಾದರೆ ದಿನಕ್ಕೆ 45 ಲೀಟರಿನ ಮೇಲಾಯಿತು. ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು ಇರುವವರಿಗೆ ಪರವಾಗಿಲ್ಲ. ಟ್ಯಾಂಕರಿಗೆ ಕಾಯುವ ಮನೆಯಲ್ಲಿ ಕೊಳಕ್ಕೆ ನೀರು ಬಿಡುತ್ತಾ ನಿಂತರೆ ಮನೆಯವರು ಸುಮ್ನೆ ಇರುತ್ತಾರಾ? ಕಡಲಿನ ಹತ್ತಿರದವರಿಗೆ ಇನ್ನೊಂದು ತೊಂದರೆ. ಮೇ ತಿಂಗಳಲ್ಲಿ ಬಾವಿಯ ನೀರು ಬಾಯಿಗೆ ಉಪ್ಪುಪ್ಪು ಅನಿಸಿದರೆ ತಾವರೆ, ನೈದಿಲೆ ಎರಡಕ್ಕೂ ಅದು ಆಗುವುದಿಲ್ಲ.

ಮೂರನೆಯದ್ದು ಮಳೆ. ಕೊಳ ತುಂಬಿ ಹೊರಗೆ ಹೋದ ನೀರು ಎಲ್ಲಿಗೆ ಸೇರುತ್ತದೆ? ತೋಡಿಗೆ, ತೋಡಿನಿಂದ ಬೈಲಿಗೆ, ಅಲ್ಲಿಂದ ಹೊಳೆಗೆ. ನಿಮ್ಮ ಕೊಳದಲ್ಲಿ ತೇಲುವುದೆಲ್ಲ ಅದೇ ದಾರಿ ಹಿಡಿಯುತ್ತದೆ. ಹಾಗಾಗಿ ಮೇಲೆ ಒಂದು ಪೈಪು ಇಟ್ಟು, ಅದರ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಲೇಬೇಕು.

ಕೊಳ ಯಾವುದರದ್ದು ಎಂಬುದೂ ಮುಖ್ಯ. ಕಪ್ಪು ಪ್ಲಾಸ್ಟಿಕ್ ಟಬ್ಬು ಎಲ್ಲಕ್ಕಿಂತ ಕಡಿಮೆ ಖರ್ಚಿನದ್ದು, ಬೇಕಾದಾಗ ಎಳೆದು ಬೇರೆ ಕಡೆ ಇಡಬಹುದು. ಬಾವಿಗೆ ಇಳಿಸುವ ಸಿಮೆಂಟ್ ರಿಂಗಿಗೆ ತಳ ಹಾಕಿಸಿದರೆ ಗಟ್ಟಿಮುಟ್ಟು. ತೋಟಕ್ಕೆ ನೀರು ತುಂಬಿಸಲು ಹಾಸುವ ಸಿಲ್ಪಾಲಿನ್ ಎಂಬ ಪ್ಲಾಸ್ಟಿಕ್ ಹಾಳೆ ಸಣ್ಣ ಕೊಳಕ್ಕೂ ಆಗುತ್ತದೆ. ಆದರೆ ಚೂಪು ಗೆಡ್ಡೆಯ ಗಿಡ ಅದರ ಹತ್ತಿರವೂ ಬೇಡ. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ನೀರಿಗೆ ಬಿಡುತ್ತದೆ, ಗಿಡವೂ ಮೀನೂ ಸಾಯುತ್ತವೆ. ಬಾಳೆದಂಡು ತುಂಡು ಮಾಡಿ ಹಾಕಿ, ನೀರು ತುಂಬಿಸಿ, ಎರಡು ವಾರ ಬಿಟ್ಟು ಚೆಲ್ಲಿ. ಇನ್ನೊಮ್ಮೆ ತುಂಬಿಸಿ ಚೆಲ್ಲಿದ ಮೇಲೆಯೇ ಗಿಡ.

ನೈದಿಲೆ: ಮೊದಲ ಕೊಳಕ್ಕೆ ಇದೇ

ನನ್ನ ಮತ ನೈದಿಲೆಗೆ. ಎಲೆ ನೀರಿನ ಮೇಲೆ ಮಲಗಿರುತ್ತದೆ, ದಂಟು ಸೇರುವಲ್ಲಿಯವರೆಗೆ ಒಂದು ಸೀಳು ಇರುತ್ತದೆ. ತಾವರೆಯ ಎಲೆಗೆ ಸೀಳಿಲ್ಲ, ಅದು ನೀರು ಬಿಟ್ಟು ಮೇಲೆದ್ದು ನಿಲ್ಲುತ್ತದೆ. ನರ್ಸರಿಗೆ ಹೋದಾಗ ಇಷ್ಟು ಗೊತ್ತಿದ್ದರೆ ಸಾಕು. ನಮ್ಮ ಕಡೆಯ ನರ್ಸರಿಗಳಲ್ಲಿ ಆಂಬಲ್ ಎಂದು ಕೇಳಿ, ತಾವರೆಗೆ ತಾಮರ ಎನ್ನುತ್ತಾರೆ.

ನೈದಿಲೆಯಲ್ಲೇ ಮೂರು ದಾರಿ ಇದೆ.

ಒಂದು, ಊರಿನ ನೈದಿಲೆ. ಹಳೆ ಕೆರೆ, ನೀರು ನಿಲ್ಲುವ ಗದ್ದೆಗಳಲ್ಲಿ ಬರುವ ನೀಲಿ, ಬಿಳಿ, ಗುಲಾಬಿ ಬಣ್ಣದವು. ಯಾರಾದರೂ ಕೊಟ್ಟರೆ ಖರ್ಚೇ ಇಲ್ಲ. ನೀರು ಆರಿದರೂ ಗೆಡ್ಡೆ ಕೆಸರಿನಲ್ಲಿ ಜೀವ ಹಿಡಿದಿರುತ್ತದೆ, ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ. ಏಪ್ರಿಲ್‌ನ ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ. ಹೂವು ಸಣ್ಣದು, ಬಣ್ಣ ಕಡಿಮೆ, ಅದೊಂದೇ ಕೊರತೆ.

ಇನ್ನೊಂದು, ಉಷ್ಣವಲಯದ ಹೈಬ್ರಿಡ್. ಹೂವು ನೀರಿನಿಂದ ಒಂದು ಗೇಣು ಮೇಲೆ ನಿಲ್ಲುತ್ತದೆ, ಪರಿಮಳವೂ ಇದೆ. ನೀಲಿ, ನೇರಳೆ ಬೇಕಾದವರಿಗೆ ಇದೇ. ಇವುಗಳಲ್ಲಿ ಡೌಬೆನ್ ಎಂದು ಮಾರುವ ತಿಳಿನೀಲಿಯನ್ನು ಬಿಸಿಲು ಕಡಿಮೆ ಇರುವವರು ಕಣ್ಣುಮುಚ್ಚಿ ತರಬಹುದು, ನಾಲ್ಕು ಗಂಟೆ ಬಿಸಿಲಿಗೂ ಹೂವು ಬಿಡುತ್ತದೆ. ಅದರ ಎಲೆಯನ್ನು ಹತ್ತಿರದಿಂದ ನೋಡಿ. ದಂಟು ಎಲೆಗೆ ಸೇರುವ ಜಾಗದಲ್ಲಿ ಒಂದು ಸಣ್ಣ ಗಂಟು ಏಳುತ್ತದೆ. ಕೆಲವು ದಿನದಲ್ಲಿ ಆ ಗಂಟಿನಿಂದ ಉಗುರಿನಷ್ಟು ಎಲೆಗಳು ಬರುತ್ತವೆ, ಅಡಿಯಲ್ಲಿ ಬಿಳಿ ಬೇರು ಇಳಿಯುತ್ತದೆ. ಆ ಎಲೆಯನ್ನು ಕಿತ್ತು ಬಾಲ್ದಿಯ ನೀರಿನಲ್ಲಿ ತೇಲಿಬಿಟ್ಟರೆ ಹೊಸ ಗಿಡ ತಯಾರು. ನೆರೆಮನೆಗೆ ಕೊಡಲು ಇದಕ್ಕಿಂತ ಸುಲಭದ ಗಿಡ ಇಲ್ಲ.

ಮೂರನೆಯದ್ದು, ಹಾರ್ಡಿ ಎಂದು ಮಾರುವ ಚಳಿದೇಶದ ತಳಿಗಳು. ಹಳದಿ, ಪೀಚ್ ಬಣ್ಣದ, ನೀರಿಗೆ ಅಂಟಿದಂತೆ ಅರಳುವ ಹೂವು. ನಮ್ಮಲ್ಲೂ ಬರುತ್ತವೆ. ಆದರೆ ನೀರು ಆರಿದರೆ ಊರಿನದ್ದರ ಹಾಗೆ ತಡೆಯುವುದಿಲ್ಲ. ನೆಡುವಾಗ ಒಂದು ವ್ಯತ್ಯಾಸ ನೆನಪಿಡಿ. ಹಾರ್ಡಿಯ ಗೆಡ್ಡೆ ಅಡ್ಡಕ್ಕೆ ಓಡುತ್ತದೆ, ಚಟ್ಟಿಯ ಬದಿಗೆ ಇಟ್ಟು ಚಿಗುರು ನಡುವಿನ ಕಡೆ ತಿರುಗಿಸಿ. ಉಷ್ಣವಲಯದ್ದು ನೇರ ಮೇಲಕ್ಕೆ ಬೆಳೆಯುತ್ತದೆ, ಅದು ಚಟ್ಟಿಯ ನಡುವಿಗೆ.

ಬಣ್ಣಕ್ಕಿಂತ ಮೊದಲು ಯೋಚಿಸಬೇಕಾದ ಇನ್ನೊಂದು ವಿಷಯ ಇದೆ, ನರ್ಸರಿಯವರು ಹೇಳುವುದಿಲ್ಲ. ನೀವು ಮನೆಯಲ್ಲಿರುವುದು ಎಷ್ಟು ಹೊತ್ತಿಗೆ? ಹಗಲು ಅರಳುವ ನೈದಿಲೆ ಬೆಳಗ್ಗೆ ಎಂಟು-ಒಂಬತ್ತಕ್ಕೆ ತೆರೆದು ಮಧ್ಯಾಹ್ನ ಕಳೆದ ಮೇಲೆ ಮುಚ್ಚುತ್ತದೆ. ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವರು ಅದನ್ನು ನೋಡುವುದು ಆದಿತ್ಯವಾರ ಮಾತ್ರ. ಅವರಿಗೆ ರಾತ್ರಿ ಅರಳುವ ಕೆಂಪು ಅಥವಾ ಬಿಳಿ ನೈದಿಲೆ ಸರಿ. ಕತ್ತಲಾಗುವಾಗ ತೆರೆದು ಮರುದಿನ ಬೆಳಗ್ಗೆ ಕಾಫಿ ಕುಡಿಯುವವರೆಗೂ ಅರಳಿಯೇ ಇರುತ್ತದೆ. ಕೋಟ್ಟಯಂ ಹತ್ತಿರದ ಮಲರಿಕ್ಕಲ್‌ನಲ್ಲಿ ಗದ್ದೆ ತುಂಬಾ ಗುಲಾಬಿ ನೈದಿಲೆ ನೋಡಲು ಜನ ಬೆಳ್ಳಂಬೆಳಗ್ಗೆ ಹೋಗುವುದೂ ಇದಕ್ಕೇ. ಬಿಸಿಲೇರಿದರೆ ಹೂವು ಮುಚ್ಚಿಬಿಡುತ್ತದೆ.

ಕಾರಂಜಿ ಹಾಕುವ ಯೋಚನೆ ಇದ್ದರೆ ನೈದಿಲೆಯಿಂದ ದೂರ ಇಡಿ. ಎಲೆಯ ಮೇಲೆ ಸದಾ ನೀರು ಬೀಳುವುದು, ನೀರು ಓಡುವುದು ಅದಕ್ಕೆ ಹಿಡಿಸುವುದಿಲ್ಲ.

ತಾವರೆ: ಚಂದ ನಿಜ, ಜಾಗ ಬೇಕು

ತಾವರೆ ಬೇಡ ಎನ್ನುತ್ತಿಲ್ಲ. ಎರಡನೇ ಕೊಳಕ್ಕೆ ಇರಲಿ ಎನ್ನುತ್ತೇನೆ. 6 ಗಂಟೆಗಿಂತ ಕಡಿಮೆ ಬಿಸಿಲಿದ್ದರೆ ಬರೀ ಎಲೆ ಬರುತ್ತದೆ. ಬೇರೆ ಗಿಡದ ಜೊತೆ ಬಿಟ್ಟರೆ ಒಂದೆರಡು ವರ್ಷದಲ್ಲಿ ಇಡೀ ಕೊಳ ಅದರದ್ದೇ. ಆದ್ದರಿಂದ ದೊಡ್ಡ ಕೊಳದಲ್ಲೂ ಅದನ್ನು ತೂತಿಲ್ಲದ ಟಬ್ಬಿನಲ್ಲಿ ನೆಟ್ಟು ಮುಳುಗಿಸುವುದೇ ಒಳ್ಳೆಯದು.

ಟಬ್ಬು ದುಂಡಗಿರಲಿ. ತಾವರೆಯ ಗೆಡ್ಡೆ ತುದಿಯಿಂದ ಮುಂದೆ ಮುಂದೆ ಓಡುತ್ತದೆ. ಚೌಕದ ಟಬ್ಬಿನಲ್ಲಿ ಆ ತುದಿ ಮೂಲೆಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ, ದುಂಡು ಟಬ್ಬಿನಲ್ಲಿ ಅಂಚು ಹಿಡಿದು ಸುತ್ತು ಬರುತ್ತದೆ. ತುದಿ ಮುರಿದ ಗೆಡ್ಡೆಯನ್ನು ಯಾರೇ ಅಗ್ಗಕ್ಕೆ ಕೊಟ್ಟರೂ ಬೇಡ. ಎರಡು-ಮೂರು ಗಂಟು, ಮುರಿಯದ ಚೂಪು ಚಿಗುರು, ಕೈಗೆ ಗಟ್ಟಿ ಅನಿಸಬೇಕು. ಕೆಸರಿನಲ್ಲಿ ಓರೆಯಾಗಿ ಮಲಗಿಸಿ, ಚಿಗುರು ಮಾತ್ರ ಹೊರಗೆ ಇಣುಕಲಿ. ಶುರುವಿಗೆ ಮೇಲೆ ನಾಲ್ಕು ಬೆರಳು ನೀರು ಸಾಕು. ಮೊದಲು ತೇಲುವ ಎಲೆ ಬರುತ್ತದೆ, ಆಮೇಲೆ ನಿಲ್ಲುವ ಎಲೆ. ಎರಡು-ಮೂರು ಎಲೆ ನಿಂತ ಮೇಲೆಯೇ ಗೊಬ್ಬರ. ಮೊದಲೇ ಕೊಟ್ಟರೆ ಗೆಡ್ಡೆ ಕೊಳೆಯುತ್ತದೆ.

ಬೇಸಿಗೆಯನ್ನು ತಾವರೆ ತಡೆಯುತ್ತದೆ. ಹೂವು ಬಿಡುವುದೂ ಆವಾಗಲೇ. ತೊಂದರೆ ಮಳೆಗಾಲದ್ದು. ಗಾಳಿಮಳೆಗೆ ದೊಡ್ಡ ಎಲೆ ಹರಿಯುತ್ತದೆ, ಮೋಡದಿಂದ ಬೆಳವಣಿಗೆ ನಿಲ್ಲುತ್ತದೆ. ಒಣಗಿದ ದಂಟನ್ನು ನೀರಿನೊಳಗೆ ಕೈ ಹಾಕಿ ಕೀಳಬೇಡಿ. ಒಳಗೆ ಟೊಳ್ಳು ಕೊಳವೆಗಳಿವೆ, ಕತ್ತರಿಸಿದ ಬಾಯಿ ನೀರಿನ ಕೆಳಗೆ ಹೋದರೆ ನೀರು ಗೆಡ್ಡೆಗೆ ಇಳಿಯುತ್ತದೆ. ಮಳೆಗೆ ನೀರು ಎಷ್ಟು ಏರುತ್ತದೆ ನೋಡಿಕೊಂಡು, ಅದಕ್ಕಿಂತ ಮೇಲೆ ಕತ್ತರಿಸಿ. ಆಗಸ್ಟಿನಲ್ಲಿ ಟಬ್ಬು ಖಾಲಿ ಕಂಡರೆ ಸತ್ತಿತೆಂದು ಮಗುಚಬೇಡಿ, ಗೆಡ್ಡೆ ಕೆಳಗೆ ಇರುತ್ತದೆ.

ಸಾವಿರ ಎಸಳಿನದ್ದನ್ನೇ ಬೇಕೆನ್ನುವವರಿಗೆ ಒಂದು ಮಾತು. ಅಷ್ಟು ಎಸಳಿನ ಮೊಗ್ಗು ಅರಳಲು ಗಿಡಕ್ಕೆ ದೊಡ್ಡ ಟಬ್ಬು, ಪೂರ್ತಿ ಬಿಸಿಲು, ಸಮಯಕ್ಕೆ ಗೊಬ್ಬರ ಎಲ್ಲ ಬೇಕು. ಮಳೆಗಾಲದಲ್ಲಿ ಎಸಳುಗಳ ನಡುವೆ ನೀರು ನಿಂತು ಮೊಗ್ಗು ಕೊಳೆಯುವುದೂ ಉಂಟು. ಜಾಗ ಕಡಿಮೆ ಇದ್ದರೆ ಬೌಲ್ ಲೋಟಸ್ ಎಂಬ ಗಿಡ್ಡ ತಳಿಗಳಿವೆ, ಒಂದೂವರೆ ಅಡಿಯ ಟಬ್ಬಿನಲ್ಲೂ ಹೂವು ಬಿಡುತ್ತವೆ. ಸಾಧಾರಣ ನೈದಿಲೆ ನೂರಿನ್ನೂರು ರೂಪಾಯಿಗೆ ಸಿಕ್ಕಿದರೆ, ಹೊಸ ತಾವರೆ ತಳಿಯ ಗೆಡ್ಡೆಗೆ ಸಾವಿರದ ಮೇಲೂ ಹೇಳುತ್ತಾರೆ.

ಆನ್‌ಲೈನಿನಲ್ಲಿ ನೀಲಿ ತಾವರೆಯ ಬೀಜ ಕಂಡರೆ ಮುಂದೆ ಹೋಗಿ. ತಾವರೆಯಲ್ಲಿ ನೀಲಿ ಇಲ್ಲವೇ ಇಲ್ಲ. ಬಿಳಿ, ಗುಲಾಬಿ, ಹಳದಿ, ಇವುಗಳ ಮಿಶ್ರಣ, ಅಷ್ಟೇ.

ತೇಲುವ ಗಿಡಗಳು: ಬೇಡ ಎಂದೇ ನನ್ನ ಉತ್ತರ

ಅಂತರಗಂಗೆ, ನೇರಳೆ ಹೂವಿನ ವಾಟರ್ ಹಯಸಿಂತ್, ಇಲ್ಲಿ ಆಫ್ರಿಕನ್ ಪಾಯಲ್ ಎನ್ನುವ ಸಾಲ್ವಿನಿಯಾ. ಮಣ್ಣು ಬೇಡ, ಚಟ್ಟಿ ಬೇಡ, ಹಣವೂ ಬೇಡ. ನೀರು ತಿಳಿಯಾಗುತ್ತದೆ, ಆ ಮಾತು ಸುಳ್ಳಲ್ಲ. ಆದರೆ ಜೂನಿನಲ್ಲಿ ಕೊಳ ತುಂಬಿದ ದಿನ ಇವು ತೋಡಿಗೆ ಹೋಗುತ್ತವೆ. ಕೇರಳದ ಹಿನ್ನೀರು, ಗದ್ದೆಗಳಲ್ಲಿ ಇವು ಮಾಡಿದ ಉಪದ್ರ ಎಲ್ಲರಿಗೂ ಗೊತ್ತಿರುವುದೇ. ಸಾಲ್ವಿನಿಯಾ ತಿನ್ನಲು 1980ರ ದಶಕದಲ್ಲಿ ಹೊರದೇಶದಿಂದ ಸಣ್ಣ ಸೊಂಡಿಲಿನ ಹುಳವನ್ನೇ ತಂದು ಬಿಡಬೇಕಾಯಿತು. 2020ರಲ್ಲಿ ಕೋಝಿಕ್ಕೋಡಿನ ಆವಳ ಪಾಂಡಿಯಲ್ಲಿ ತೋಡು ಪೂರ್ತಿ ಗುಲಾಬಿ ಹೂವಾಗಿ ಜನ ಮುಗಿಬಿದ್ದು ನೋಡಿದರಲ್ಲ, ಅದೂ ಹೊರಗಿನಿಂದ ಬಂದ ಕಬೋಂಬಾ ಎಂಬ ಕಳೆಯೇ. ಮೀನಿನ ತೊಟ್ಟಿಗೆ ಮಾರುವ ಗಿಡ.

ಸೊಳ್ಳೆಯ ವಿಷಯವೂ ಇದೆ. ಮಾನ್ಸೋನಿಯಾ ಎಂಬ ಸೊಳ್ಳೆಯ ಮರಿ ಉಸಿರಿಗೆ ನೀರಿನ ಮೇಲೆ ಬರುವುದೇ ಇಲ್ಲ. ಅಂತರಗಂಗೆಯಂಥ ಗಿಡದ ಬೇರಿಗೆ ಚುಚ್ಚಿಕೊಂಡು ಅಲ್ಲಿಂದಲೇ ಗಾಳಿ ಎಳೆಯುತ್ತದೆ. ಆನೆಕಾಲು ರೋಗದ ಒಂದು ಬಗೆಯನ್ನು ಹರಡುವುದು ಇದೇ ಸೊಳ್ಳೆ. ದನದ ಮೇವಿಗೆ ಅಜೋಲಾ ಎಂಬ ತೇಲುವ ಗಿಡ ಬೆಳೆಸುವವರು ಬೆಳೆಸಿ, ಬೇರೆ ತೊಟ್ಟಿಯಲ್ಲಿ.

ಕರೆಯ ಗಿಡಗಳು: ನೆರಳಿನವರಿಗೆ, ಅಡಿಗೆಯವರಿಗೆ

ಹೂವಿನ ಹಿಂದೆ ಹೋಗುವವರು ಇವನ್ನು ಮರೆಯುತ್ತಾರೆ. ನಮ್ಮ ಊರಿಗೆ ಎಲ್ಲಕ್ಕಿಂತ ಹೊಂದುವುದು ಇವೇ. ನೀರು ಬೇಕಿಲ್ಲ, ಕೆಸರು ಸಾಕು. ಮಳೆಯಲ್ಲಿ ಮುಳುಗಿದರೂ ಸಾಯುವುದಿಲ್ಲ.

ಬಜೆ ಮೊದಲು. ಕತ್ತಿಯಂಥ ಎಲೆ, ಮುರಿದರೆ ಘಮ. ಎರಡು-ಮೂರು ಇಂಚು ನೀರಿನಲ್ಲಿ, ಅರ್ಧ ನೆರಳಿನಲ್ಲೂ ಹಸಿರಾಗಿ ನಿಲ್ಲುತ್ತದೆ. ಒಂದೆಲಗ ಕೊಳದ ಅಂಚಿಗೆ ತಾನಾಗಿ ಹಬ್ಬುತ್ತದೆ, ತಂಬುಳಿಗೆ ಆಯಿತು. ನೀರುಬ್ರಾಹ್ಮಿ ಇನ್ನೂ ಸಣ್ಣದು, ಚಿಕ್ಕ ಬಿಳಿ ಹೂವು, ಸ್ವಲ್ಪ ಉಪ್ಪು ನೀರನ್ನೂ ತಡೆಯುತ್ತದೆ. ಕುಂಬಳೆ, ಉಪ್ಪಳದ ಕಡಲ ಬದಿಯವರು ಇದರಿಂದಲೇ ಶುರು ಮಾಡಿ. ಲಾವಂಚ ಕೊಳದ ದಂಡೆಯ ಮಣ್ಣು ಜಾರದಂತೆ ಹಿಡಿಯುತ್ತದೆ, ಆದರೆ ಬಿಸಿಲು ಬೇಕು.

ಕೆಸು ಹಾಕಿದರೆ ಆಟಿ ತಿಂಗಳ ಪತ್ರೊಡೆಗೆ ಎಲೆ ಹುಡುಕುವುದು ಬೇಡ. ಆದರೆ ಗುಡ್ಡೆಯ ಬದಿಯ ಮನೆಯವರು ಎರಡು ಸಲ ಯೋಚಿಸಿ. ಕೆಸುವಿನ ಗೆಡ್ಡೆ, ಮೆತ್ತಗಿನ ಕೆಸರು ಎರಡೂ ಒಂದೇ ಕಡೆ ಇದ್ದರೆ ಕಾಡುಹಂದಿಗೆ ಬೇರೆ ಕರೆಯೋಲೆ ಬೇಕಾ? ಒಂದೇ ರಾತ್ರಿಯಲ್ಲಿ ಕೊಳವೇ ಉಳುಮೆಯಾಗುತ್ತದೆ.

ಆಪು, ಉದ್ದ ಕಂದು ಕಡ್ಡಿಯ ಆ ಹುಲ್ಲು, ನೋಡಲು ಚಂದ. ಅದರ ಚೂಪು ಗೆಡ್ಡೆ ಸಿಲ್ಪಾಲಿನ್ ತೂತು ಮಾಡುತ್ತದೆ. ಸಿಮೆಂಟ್ ರಿಂಗಿನೊಳಗೆ ಮಾತ್ರ.

ಗುಡ್ಡೆಯ ಮುರಕಲ್ಲಿನ ಹಾಸಿನಲ್ಲಿ ಮಳೆ ಕೊನೆಯಾಗುವಾಗ ನೀಲಿ ಹಾಸಿದಂತೆ ಕಾಣುವ ಕಾಕ್ಕಪ್ಪೂವನ್ನು ಕಿತ್ತು ತರುವ ಆಸೆ ಕೆಲವರಿಗೆ. ಅದು ಸಾರವಿಲ್ಲದ ತೆಳು ಮಣ್ಣಿನಲ್ಲಿ, ಮಣ್ಣಿನೊಳಗಿನ ಸಣ್ಣ ಚೀಲಗಳಲ್ಲಿ ಪುಟ್ಟ ಹುಳ ಹಿಡಿದು ಬದುಕುವ ಗಿಡ. ನಮ್ಮ ಗೊಬ್ಬರದ ಕೊಳದಲ್ಲಿ ಉಳಿಯುವುದಿಲ್ಲ. ಅಲ್ಲೇ ಇರಲಿ, ಓಣಂ ಹೊತ್ತಿಗೆ ಹೋಗಿ ನೋಡಿ ಬನ್ನಿ.

ಮಣ್ಣು, ಮೀನು, ಮದ್ದು

ಮಣ್ಣು ಗದ್ದೆಯದ್ದೇ ಆಗಬೇಕು. ಕೆಂಪು ಮುರಮಣ್ಣಿನಲ್ಲಿ ಸಾರ ಕಡಿಮೆ. ತೆಂಗಿನ ನಾರಿನ ಪುಡಿ ಬೆರೆಸಿದ ಚಟ್ಟಿ ಮಣ್ಣು ತೇಲಿ ಬರುತ್ತದೆ. ಗದ್ದೆ ಉಳಿಸಿಕೊಂಡಿರುವ ನೆಂಟರ ಮನೆಯಿಂದ ಎರಡು ಗೋಣಿ ತನ್ನಿ. ಚಟ್ಟಿಯ ತಳಕ್ಕೆ ಚೆನ್ನಾಗಿ ಹುಡಿಯಾದ ಹಟ್ಟಿಗೊಬ್ಬರ, ಮೇಲೆ ಗದ್ದೆಮಣ್ಣು, ಅದರ ಮೇಲೆ ಒಂದು ಇಂಚು ಹೊಯ್ಗೆ. ಹಸಿ ಸೆಗಣಿ ಹಾಕಿದರೆ ನೀರು ಪಾಚಿಯಿಂದ ಹಸಿರಾಗುತ್ತದೆ. ನೀರಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಎಲೆಯಿಂದ ಮುಚ್ಚಿದರೆ ಪಾಚಿ ತನ್ನಿಂದ ತಾನೇ ಕಡಿಮೆಯಾಗುತ್ತದೆ.

ಮೀನಿಲ್ಲದ ಕೊಳ ಎಂದರೆ ಸೊಳ್ಳೆಯ ತೊಟ್ಟಿಲು. ಗಪ್ಪಿ ಎಲ್ಲ ಕಡೆ ಸಿಗುತ್ತದೆ, ಆದರೆ ಅದೂ ಮಳೆಗೆ ತೋಡು ಸೇರುವ ಹೊರಗಿನ ಮೀನು. ತೋಡಿನಲ್ಲೇ ಇರುವ, ತಲೆಯ ಮೇಲೆ ಬೆಳ್ಳಿ ಚುಕ್ಕೆಯ ಸಣ್ಣ ಮೀನು, ಮಲಯಾಳದವರು ಮಾನತ್ತುಕಣ್ಣಿ ಎನ್ನುವುದು, ಅದೇ ಕೆಲಸ ಮಾಡುತ್ತದೆ. ತಪ್ಪಿಸಿಕೊಂಡರೂ ತನ್ನ ಮನೆಗೇ ಹೋಗುತ್ತದೆ.

ಕೊಳ ಅಡಿಕೆ ಮರದ ಕೆಳಗಿದ್ದರೆ ಕೊಳೆರೋಗಕ್ಕೆ ಮದ್ದು ಬಿಡುವ ದಿನ ಟರ್ಪಾಲು ಹೊದಿಸಿ. ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇದೆ, ಅದರಲ್ಲಿರುವ ತಾಮ್ರ ಮೀನಿಗೆ ವಿಷ. ಮರದ ಮೇಲಿನವರು ಮುಗಿಸಿ ಇಳಿದ ಮೇಲೂ ಸೋಗೆಯಿಂದ ನೀಲಿ ಹನಿ ಬೀಳುತ್ತಲೇ ಇರುತ್ತದೆ, ಮಾರನೇ ದಿನದವರೆಗೆ ಹೊದಿಕೆ ತೆಗೆಯಬೇಡಿ. ಆ ವಾರ ಕೊಳದ ಕರೆಯ ಒಂದೆಲಗ ಅಡಿಗೆಗೆ ಬೇಡ.

ಹಾಗಾದರೆ ಯಾರಿಗೆ ಯಾವುದು

ಖರ್ಚು ಮಾಡುವ ಮನಸ್ಸಿಲ್ಲ, ನೋಡಿಕೊಳ್ಳಲು ಹೊತ್ತೂ ಇಲ್ಲ ಎಂದರೆ ಒಂದು ಕಪ್ಪು ಟಬ್ಬು, ಊರಿನ ನೈದಿಲೆ, ನಾಲ್ಕು ಮೀನು. ಬೇಸಿಗೆಗೆ ಊರು ಬಿಟ್ಟು ಮಕ್ಕಳ ಮನೆಗೆ ಹೋಗುವ ಹಿರಿಯರಿಗೂ ಇದೇ. ಬಿಸಿಲು ಕಡಿಮೆ, ಹೂವು ಬೇಕೇ ಬೇಕು ಎಂದರೆ ಡೌಬೆನ್. ತೋಟದ ನೆರಳಿನಲ್ಲೇ ಜಾಗ ಇರುವುದಾದರೆ ಬಜೆ, ಒಂದೆಲಗ, ಮತ್ತೆ ಹಂದಿ ಬಾರದಿದ್ದರೆ ಕೆಸು. ಟೆರೇಸಿನಲ್ಲಿ ಇಡುವವರು ಬೌಲ್ ಲೋಟಸ್ ನೋಡಬಹುದು, ಬಿಸಿಲಿಗೆ ಕೊರತೆ ಇಲ್ಲ, ಆದರೆ ಮಣ್ಣು ನೀರು ಸೇರಿದ ಟಬ್ಬಿನ ಭಾರ ಮೊದಲು ಲೆಕ್ಕ ಹಾಕಿ. ದೊಡ್ಡ ಕೊಳ, ವರ್ಷವಿಡೀ ನೀರು, ಕೈಯಲ್ಲಿ ಹಣ ಮೂರೂ ಇದ್ದರೆ ನಡುವಿಗೆ ಟಬ್ಬಿನಲ್ಲಿ ತಾವರೆ, ಸುತ್ತ ನೈದಿಲೆ, ಅಂಚಿಗೆ ಬಜೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕೊಳ ಬೇಡ, ಇಡುವುದಾದರೆ ನೀರಿನ ಮೇಲೆ ಗಟ್ಟಿ ಕಬ್ಬಿಣದ ಜಾಲರಿ ಕೂರಿಸಿ. ಗಿಡ ಅದರ ನಡುವಿನಿಂದ ಮೇಲೆ ಬರುತ್ತದೆ.

ನೆಡುವುದಕ್ಕೆ ಮಳೆ ಇಳಿದ ಮೇಲಿನ ದಿನಗಳು ಒಳ್ಳೆಯದು, ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ. ಬೇಸಿಗೆಗೆ ಮೊದಲು ಬೇರು ಹಿಡಿದಿರುತ್ತದೆ. ಮೇ ತಿಂಗಳಲ್ಲಿ ನರ್ಸರಿಯವರು ಕಡಿಮೆ ಬೆಲೆಗೆ ಕೊಟ್ಟರೂ ತರಬೇಡಿ, ಒಂದೇ ತಿಂಗಳಲ್ಲಿ ಮಳೆ ಬಂದು ಹೊಸ ಬೇರನ್ನು ಕಿತ್ತು ಹಾಕುತ್ತದೆ.